ತುಪ್ಪಳದೊಳಗಿನ ಗಾಳಿ

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜನವರಿಯ ಬೆಳಗಿನ ಹೊತ್ತು ಮನೆಗಳ ಸಾಲಿನ ಹಿಂದೆ ನಡೆದು ಹೋದರೆ ಯಾವುದಾದರೊಂದು ಹಿತ್ತಲಿನಲ್ಲಿ ಹಸ್ಕಿ ನಾಯಿ ಮುದುಡಿ ಮಲಗಿರುವುದು ಕಾಣುತ್ತದೆ. ಬಾಲ ಮೂಗನ್ನು ಮುಚ್ಚಿರುತ್ತದೆ, ಬೆನ್ನ ಮೇಲೆ ಆಗಷ್ಟೇ ಬಿದ್ದ ಹಿಮ ಎರಡು ಬೆರಳು ದಪ್ಪಕ್ಕೆ ಕೂತಿರುತ್ತದೆ. ಉಷ್ಣತೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ನಮ್ಮ ಕಡೆಯಿಂದ ಹೊಸದಾಗಿ ಹೋದವರು ಅಯ್ಯೋ ಪಾಪ ಎನ್ನುತ್ತಾರೆ, ಮಾಲೀಕನಿಗೆ ಕರುಣೆಯೇ ಇಲ್ಲ ಎಂದುಕೊಳ್ಳುತ್ತಾರೆ. ಮಾಲೀಕ ಬಾಗಿಲು ತೆರೆದು ಕರೆದರೂ ಎಷ್ಟೋ ಸಲ ನಾಯಿಯೇ ಒಳಗೆ ಬರಲು ಒಪ್ಪುವುದಿಲ್ಲ.

ಹಿಮ ಕರಗದೆ ಉಳಿದಿರುವುದೇ ಆ ನಾಯಿ ಬೆಚ್ಚಗಿರುವುದಕ್ಕೆ ಪುರಾವೆ. ಅದರ ಮೈಯೊಳಗಿನ ಉಷ್ಣತೆ 38ರಿಂದ 39 ಡಿಗ್ರಿ. ಚರ್ಮಕ್ಕೂ ಹಿಮಕ್ಕೂ ನಡುವೆ ಇರುವುದು ಕೆಲವೇ ಸೆಂಟಿಮೀಟರ್ ತುಪ್ಪಳ. ಇಷ್ಟು ಕಡಿಮೆ ಅಂತರದಲ್ಲಿ ಐವತ್ತಕ್ಕೂ ಹೆಚ್ಚು ಡಿಗ್ರಿಗಳ ವ್ಯತ್ಯಾಸ ನಿಂತಿದೆ, ಒಳಗಿನ ಶಾಖ ಹೊರಗೆ ಸೋರಿ ಹಿಮವನ್ನು ಕರಗಿಸುತ್ತಿಲ್ಲ. ಆ ಊರಿನವರು ಮನೆ ಕೊಳ್ಳುವಾಗ ಇದೇ ಲೆಕ್ಕ ಹಾಕುತ್ತಾರೆ. ಸಾಲಿನಲ್ಲಿ ಯಾವ ಮನೆಯ ಮಾಡಿನ ಮೇಲೆ ಹಿಮ ಮೊದಲು ಕರಗುತ್ತದೋ ಆ ಮನೆಯ ಅಟ್ಟ ಶಾಖ ಸೋರುತ್ತಿದೆ, ಹೀಟರಿನ ಬಿಲ್ಲು ಜೋರಾಗಿ ಬರುತ್ತದೆ ಎಂದರ್ಥ.

ಶಾಖವನ್ನು ಹಿಡಿದಿಡುವ ಕೆಲಸ ಕೂದಲಿನದು ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಆ ಕೆಲಸ ಮಾಡುವುದು ಗಾಳಿ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಲು ನಿಧಾನವಾಗಿ ದಾಟಿಸುತ್ತದೆ. ಕೂದಲು ಇರುವುದು ಆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡಲು. ಹಸ್ಕಿಗೆ ಎರಡು ಪದರ ತುಪ್ಪಳವಿದೆ. ಒಳಗಡೆ ಉಣ್ಣೆಯಂಥ ಮೃದುವಾದ, ಒತ್ತಾದ ಪದರ. ಹೊರಗಡೆ ಉದ್ದವಾದ ಒರಟು ಕೂದಲು. ಹೊರಗಿನದು ಗಾಳಿಮಳೆಯನ್ನು ತಡೆಯುತ್ತದೆ, ಒಳಗಿನದು ಗಾಳಿಯನ್ನು ಸಣ್ಣಸಣ್ಣ ಗೂಡುಗಳಲ್ಲಿ ಕೂಡಿಹಾಕುತ್ತದೆ. ಚಳಿ ಹೆಚ್ಚಾದಾಗ ಪ್ರತಿ ಕೂದಲಿನ ಬುಡದಲ್ಲಿರುವ ಸಣ್ಣ ಸ್ನಾಯು ಬಿಗಿದು ಕೂದಲನ್ನು ನಿಗುರಿಸುತ್ತದೆ, ಗಾಳಿಯ ಪದರ ಇನ್ನಷ್ಟು ದಪ್ಪವಾಗುತ್ತದೆ. ನಮ್ಮ ಮೈ ಜುಮ್ಮೆನ್ನುವುದೂ ಅದೇ ಸ್ನಾಯುವಿನಿಂದ. ನಮ್ಮ ಬಳಿ ನಿಗುರಿಸಲು ತುಪ್ಪಳವಿಲ್ಲ, ಸ್ನಾಯು ಮಾತ್ರ ಹಳೆಯ ಅಭ್ಯಾಸ ಬಿಟ್ಟಿಲ್ಲ.

ಈ ಗಾಳಿಯ ಬೆಲೆ ಎಷ್ಟೆಂದು ಮೊದಲು ಅಳೆದು ತೋರಿಸಿದವರು ಪರ್ ಶೋಲಾಂಡರ್, ಲಾರೆನ್ಸ್ ಇರ್ವಿಂಗ್ ಮತ್ತು ಸಂಗಡಿಗರು. ಅಲಾಸ್ಕಾದ ಉತ್ತರ ತುದಿಯ ಪಾಯಿಂಟ್ ಬ್ಯಾರೋದಲ್ಲಿ ಅವರು ಧ್ರುವಪ್ರದೇಶದ ಪ್ರಾಣಿಗಳನ್ನು ಪಂಜರದಲ್ಲಿಟ್ಟು ಉಷ್ಣತೆ ಇಳಿಸುತ್ತ ಹೋದರು, ಪ್ರಾಣಿ ಎಷ್ಟು ಆಮ್ಲಜನಕ ಸುಡುತ್ತದೆ ಎಂದು ಅಳೆದರು. ಪನಾಮಾದ ಉಷ್ಣವಲಯದ ಪ್ರಾಣಿಗಳ ಮೇಲೂ ಇಂಥದೇ ಪ್ರಯೋಗ ನಡೆಯಿತು. 1950ರಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಉಷ್ಣವಲಯದ ಪ್ರಾಣಿಗಳು ಇಪ್ಪತ್ತರಿಂದ ಮೂವತ್ತು ಡಿಗ್ರಿಯ ನಡುವೆಯೇ ನಡುಗಿ ಹೆಚ್ಚು ಇಂಧನ ಸುಡಲು ಆರಂಭಿಸಿದರೆ, ಧ್ರುವದ ನರಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನವರೆಗೂ ತನ್ನ ಒಲೆಯ ಉರಿಯನ್ನು ಏರಿಸಲೇ ಇಲ್ಲ. ಬಟ್ಟೆ ಕಳಚಿದ ಮನುಷ್ಯನ ಅಳತೆ ಕೇಳಿದರೆ ನಗು ಬರುತ್ತದೆ, ಅವನ ಮೈ 27 ಡಿಗ್ರಿಯ ಸುಮಾರಿನಲ್ಲೇ ತಕರಾರು ಶುರುಮಾಡುತ್ತದೆ. ಮನುಷ್ಯ ಇವತ್ತಿಗೂ ಉಷ್ಣವಲಯದ ಪ್ರಾಣಿಯೇ. ಉತ್ತರದಲ್ಲಿ ಅವನು ಬದುಕುತ್ತಿರುವುದು ಕೋಟಿನ ಕೃಪೆಯಿಂದ.

ಬೆಕ್ಕೂ ನಮ್ಮದೇ ಪಂಗಡ. ಮನೆಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ಏನೂ ಹೆಚ್ಚು ಇಂಧನ ಸುಡದೆ ಬೆಕ್ಕು ಹಾಯಾಗಿರಬಲ್ಲ ವಲಯ ಸುಮಾರು 30ರಿಂದ 38 ಡಿಗ್ರಿ. ಹೀಟರಿನ ಮೇಲೆ, ಲ್ಯಾಪ್‌ಟಾಪಿನ ಮೇಲೆ, ಮನೆಯೊಡೆಯನ ಹೊಟ್ಟೆಯ ಮೇಲೆ ಅದು ಮಲಗುವುದನ್ನು ಪ್ರೀತಿ ಎಂದು ಕರೆಯುವವರು ಕರೆಯಲಿ. ನನಗೆ ಅದರಲ್ಲಿ ಮುಕ್ಕಾಲು ಪಾಲು ಉಷ್ಣಶಾಸ್ತ್ರವೇ ಕಾಣುತ್ತದೆ. ನಾರ್ವೆಯ ಕಾಡುತಳಿ, ಮೇನ್ ಕೂನ್, ಸೈಬೀರಿಯದ ಬೆಕ್ಕು ಇಂಥ ಕೆಲವು ತಳಿಗಳು ಎರಡು ಪದರದ ದಟ್ಟ ತುಪ್ಪಳವನ್ನೂ ಬೆರಳ ನಡುವೆ ಕೂದಲಿನ ಕುಚ್ಚನ್ನೂ ಪಡೆದಿವೆ. ಬೀದಿಯ ಸಾಮಾನ್ಯ ಬೆಕ್ಕಿಗೆ ಅಂಥ ಬಂಡವಾಳವಿಲ್ಲ.

ತುಪ್ಪಳ ಯಾವಾಗ ದಪ್ಪವಾಗಬೇಕೆಂದು ಮೈಗೆ ಹೇಳುವುದು ಚಳಿಗಿಂತ ಹೆಚ್ಚಾಗಿ ಬೆಳಕು. ಹಗಲು ಕುಗ್ಗತೊಡಗಿದಾಗ ಮಿದುಳಿನಲ್ಲಿ ಮೆಲಟೋನಿನ್ ಸ್ರವಿಸುವ ಅವಧಿ ಉದ್ದವಾಗುತ್ತದೆ. ಆ ಸುದ್ದಿ ಬೇರೆ ಹಾರ್ಮೋನುಗಳ ಮೂಲಕ ಕೂದಲಿನ ಬುಡ ತಲುಪಿ ಚಳಿಗಾಲದ ಪದರ ಬೆಳೆಯುತ್ತದೆ. ಮೊದಲ ಹಿಮ ಬೀಳುವ ಹೊತ್ತಿಗೆ ಕೋಟು ಸಿದ್ಧವಿರಬೇಕಾದರೆ ಚಳಿಗಾಗಿ ಕಾಯುತ್ತ ಕೂರಲಾಗದು. ಒಂದು ವರ್ಷ ಚಳಿ ಬೇಗ ಬರಬಹುದು, ಇನ್ನೊಂದು ವರ್ಷ ತಡವಾಗಬಹುದು. ಸೂರ್ಯ ಮಾತ್ರ ದಿನಾಂಕ ತಪ್ಪುವುದಿಲ್ಲ. ಮನೆಯೊಳಗೆ ರಾತ್ರಿ ಹನ್ನೊಂದರವರೆಗೆ ದೀಪ ಉರಿಯುವ ಕಡೆ ಬೆಳೆದ ಬೆಕ್ಕುನಾಯಿಗಳಿಗೆ ಈ ಪಂಚಾಂಗ ಕಲಸಿಹೋಗುತ್ತದೆ, ಅವು ವರ್ಷವಿಡೀ ಒಂದಿಷ್ಟು ಕೂದಲು ಉದುರಿಸುತ್ತಲೇ ಇರುತ್ತವೆ.

ಬೆಂಗಳೂರಿನ ಬೀದಿಯಿಂದ ದತ್ತು ಪಡೆದ ನಾಯಿಯನ್ನು ವಿಮಾನ ಹತ್ತಿಸಿ ಅಮೆರಿಕಕ್ಕೋ ಕೆನಡಾಕ್ಕೋ ಕರೆದೊಯ್ಯುವ ಕನ್ನಡಿಗರು ಈಗ ಅಪರೂಪವಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ತಾಸು. ಮಿನಿಯಾಪೊಲಿಸ್‌ನಲ್ಲಿ ಜೂನ್‌ನ ಹಗಲು ಹದಿನೈದೂವರೆ ತಾಸಿನದು, ಡಿಸೆಂಬರಿನದು ಒಂಬತ್ತು ತಾಸೂ ಇಲ್ಲ. ಹೀಗಾಗಿ ಹೊಸ ಊರಿನ ಬೆಳಕು ಆ ನಾಯಿಗೆ ಹಿಂದೆಂದೂ ಕೇಳಿರದಷ್ಟು ಗಟ್ಟಿಯಾಗಿ ಚಳಿಗಾಲದ ಸುದ್ದಿ ಹೇಳುತ್ತದೆ. ಆದರೆ ಸುದ್ದಿ ಬಂದ ಮಾತ್ರಕ್ಕೆ ಹಸ್ಕಿಯ ಒಳತುಪ್ಪಳ ಬಂದುಬಿಡುವುದಿಲ್ಲ. ಅದನ್ನು ನಿರ್ಧರಿಸುವುದು ವಂಶವಾಹಿ. ಗಿಡ್ಡ ಕೂದಲಿನ, ಒಳಪದರ ತೆಳುವಾದ ನಮ್ಮ ನಾಯಿಗೆ ಅಲ್ಲಿ ಕೋಟು ತೊಡಿಸುವುದು ಶೋಕಿಯಲ್ಲ. ಚಿಕ್ಕ ಚಿವಾವಾಗೂ ಕೊಬ್ಬೇ ಇಲ್ಲದ ಗ್ರೇಹೌಂಡಿಗೂ ಅದೇ ಮಾತು. ಮೈ ಚಿಕ್ಕದಾದಷ್ಟೂ ಶಾಖ ಹುಟ್ಟಿಸುವ ಗಾತ್ರಕ್ಕೆ ಹೋಲಿಸಿದರೆ ಶಾಖ ಕಳೆಯುವ ಮೇಲ್ಮೈ ದೊಡ್ಡದು. ಅದೇ ಹಸ್ಕಿಗೆ ಬಿಗಿಯಾದ ಸ್ವೆಟರ್ ಹಾಕಿದರೆ ನಿಗುರಿದ ಕೂದಲು ಅದುಮಿಹೋಗಿ, ಒಳಗೆ ಕೂಡಿಹಾಕಿದ್ದ ಗಾಳಿ ಹೊರಬೀಳುತ್ತದೆ. ಫೋಟೋಗೆ ಚೆನ್ನ, ನಾಯಿಗೆ ನಷ್ಟ.

ಇನ್ನು ಪಾದ. ಮೈಗೆ ತುಪ್ಪಳವಿದೆ ಸರಿ, ಆದರೆ ಅಂಗಾಲಿನ ಮೆತ್ತೆ ಬರಿಯ ಚರ್ಮ. ಬರಿಗಾಲಲ್ಲಿ ನಾವು ಹಿಮದ ಮೇಲೆ ಕೆಲವು ನಿಮಿಷ ನಿಲ್ಲಲಾರೆವು, ನಾಯಿ ಇಡೀ ಮಧ್ಯಾಹ್ನ ಓಡಾಡುತ್ತದೆ. ಹೇಗೆ? ಪಾದವನ್ನು ಬಿಸಿಯಾಗಿಡುವುದು ಒಂದು ದಾರಿ. ಆದರೆ ಬಿಸಿ ಪಾದ ಹಿಮಕ್ಕೆ ತಗುಲಿದಾಗಲೆಲ್ಲ ಶಾಖ ನೆಲಕ್ಕೆ ಹರಿದು ದೇಹ ದಿವಾಳಿಯಾಗುತ್ತದೆ. ಪಾದವನ್ನು ಪೂರ್ತಿ ತಣ್ಣಗಾಗಲು ಬಿಟ್ಟರೆ ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ. ನಾಯಿಯ ಮೈ ಇವೆರಡರ ನಡುವಿನ ದಾರಿ ಹಿಡಿದಿದೆ: ಪಾದವನ್ನು ಹೆಪ್ಪುಗಟ್ಟದಷ್ಟು ಮಾತ್ರ, ಕೂದಲೆಳೆಯ ಅಂತರದಲ್ಲಿ, ತಣ್ಣಗೇ ಇಡುವುದು.

ಇದರ ಗುಟ್ಟು ರಕ್ತನಾಳಗಳ ಜೋಡಣೆಯಲ್ಲಿದೆ. 2011ರಲ್ಲಿ ಜಪಾನಿನ ಹಿರೋಯೋಶಿ ನಿನೊಮಿಯಾ ಮತ್ತು ಸಹೋದ್ಯೋಗಿಗಳು ನಾಯಿಯ ಪಾದದ ರಕ್ತನಾಳಗಳೊಳಗೆ ರಾಳ ತುಂಬಿ, ಸುತ್ತಲಿನ ಅಂಗಾಂಶ ಕರಗಿಸಿ, ಉಳಿದ ಅಚ್ಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಿಸಿರಕ್ತ ತರುವ ಅಪಧಮನಿಯನ್ನು ತಣ್ಣಗಿನ ರಕ್ತ ಒಯ್ಯುವ ಸಣ್ಣ ಅಭಿಧಮನಿಗಳ ಜಾಲ ಸುತ್ತುವರಿದಿತ್ತು. ಎರಡೂ ವಿರುದ್ಧ ದಿಕ್ಕಿಗೆ ಹರಿಯುತ್ತವೆ. ಇಳಿಯುವ ರಕ್ತ ತನ್ನ ಶಾಖವನ್ನು ಪಾದಕ್ಕೆ ತಲುಪುವ ಮೊದಲೇ ಪಕ್ಕದಲ್ಲಿ ಏರುತ್ತಿರುವ ರಕ್ತಕ್ಕೆ ದಾಟಿಸುತ್ತದೆ. ಹೀಗೆ ಮೈಗೆ ಮರಳುವ ರಕ್ತ ಬೆಚ್ಚಗಾಗಿರುತ್ತದೆ, ಪಾದಕ್ಕೆ ಹೋಗುವ ರಕ್ತ ಆಗಲೇ ತಣಿದಿರುತ್ತದೆ. ಪೆಂಗ್ವಿನ್ನಿನ ಕಾಲಲ್ಲೂ ತಿಮಿಂಗಿಲದ ಈಜುರೆಕ್ಕೆಯಲ್ಲೂ ಈ ಏರ್ಪಾಡು ಇದೆ ಎಂದು ಮೊದಲೇ ಗೊತ್ತಿತ್ತು. ಸೋಫಾದ ಮೇಲೆ ಗೊರಕೆ ಹೊಡೆಯುವ ಸಾಕುನಾಯಿಯಲ್ಲೂ ಇದ್ದದ್ದು ಸೋಜಿಗ ತಂದಿತು.

ಕಾಡಿನ ನೆಂಟರ ಲೆಕ್ಕ ಇನ್ನೂ ಹಳೆಯದು. 1972ರಲ್ಲಿ ರಾಬರ್ಟ್ ಹೆನ್‌ಶಾ ಮತ್ತು ಇಬ್ಬರು ಸಂಗಡಿಗರು ಧ್ರುವದ ನರಿಯ ಮತ್ತು ತೋಳದ ಪಾದಗಳನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗಿನ ದ್ರವದಲ್ಲಿ ಮುಳುಗಿಸಿ ನೋಡಿದ್ದರು. ಪಾದದ ಅಂಗಾಂಶ ಸೊನ್ನೆಗಿಂತ ಸುಮಾರು 1 ಡಿಗ್ರಿ ಕೆಳಕ್ಕಿಳಿದು ಅಲ್ಲೇ ನಿಂತಿತು. ಉಪ್ಪಿನಂಶವಿರುವ ಅಂಗಾಂಶ ಹೆಪ್ಪುಗಟ್ಟುವುದು ಅದಕ್ಕೂ ಸ್ವಲ್ಪ ಕೆಳಗೆ. ಆ ಮಟ್ಟ ಮುಟ್ಟುವ ಅಪಾಯ ಬಂದಾಗಲೆಲ್ಲ ದೇಹ ಬಿಸಿರಕ್ತವನ್ನು ಅಳೆದು ಕಳಿಸುತ್ತಿತ್ತು, ಒಂದು ಗುಟುಕೂ ಹೆಚ್ಚಿಲ್ಲದಂತೆ. ಪಾದದ ಕೊಬ್ಬೂ ಈ ಕೆಲಸಕ್ಕೆ ತಕ್ಕಂತೆ ಇದೆ. ತೊಡೆಯ ಮೂಳೆಯೊಳಗಿನ ಕೊಬ್ಬು ಚಳಿಯಲ್ಲಿ ಗಟ್ಟಿಯಾದರೆ, ಪಾದದ ಕಡೆಯ ಕೊಬ್ಬು ಮೆತ್ತಗೇ ಉಳಿಯುತ್ತದೆ. ಒಂದೇ ಕಾಲಿನ ಮೇಲ್ತುದಿಗೆ ಒಂದು ಬಗೆಯ ಕೊಬ್ಬು, ಕೆಳತುದಿಗೆ ಇನ್ನೊಂದು.

ತುದಿಗಳಿಗೆ ಹೀಗೆ ಬಿಗಿಪಡಿಯಲ್ಲಿ ಶಾಖ ಹಂಚುವುದರಿಂದ ಬರುವ ಒಂದು ವಿಚಿತ್ರ ಪರಿಣಾಮವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಿಯಾಮೀಸ್ ಬೆಕ್ಕಿನ ಮೈ ಕೆನೆಬಣ್ಣ, ಮುಖ, ಕಿವಿ, ಪಾದ, ಬಾಲ ಕಪ್ಪುಗಂದು. ಕೂದಲಿಗೆ ಬಣ್ಣ ತುಂಬುವ ಟೈರೊಸಿನೇಸ್ ಎಂಬ ಕಿಣ್ವ ಈ ತಳಿಯಲ್ಲಿ ದೋಷಪೂರ್ಣ, ಮೈಯ ಬಿಸಿಯಲ್ಲಿ ಅದು ಕೆಲಸ ಮಾಡುವುದಿಲ್ಲ. ತಣ್ಣಗಿರುವ ತುದಿಗಳಲ್ಲಿ ಮಾತ್ರ ಮಾಡುತ್ತದೆ. ತಾಯಿಯ ಹೊಟ್ಟೆಯ ಬಿಸಿಯಲ್ಲಿ ಬೆಳೆದ ಮರಿಗಳು ಬೆಳ್ಳಗೆ ಹುಟ್ಟಿ, ಕೆಲವು ವಾರಗಳಲ್ಲಿ ತುದಿಗಳಿಂದ ಕಪ್ಪಾಗತೊಡಗುತ್ತವೆ. 1930ರಲ್ಲಿ ಮಾಸ್ಕೋದ ಇಲ್ಯಿನ್ ಎಂಬ ಇಬ್ಬರು ವಿಜ್ಞಾನಿಗಳು ಸಿಯಾಮೀಸ್ ಬೆಕ್ಕಿನ ಮೈಮೇಲೆ ಒಂದು ಜಾಗದ ಕೂದಲು ಬೋಳಿಸಿ ಬೆಕ್ಕನ್ನು ಚಳಿಯಲ್ಲಿಟ್ಟರು, ಅಲ್ಲಿ ಕಪ್ಪು ಕೂದಲು ಹುಟ್ಟಿತು. ಹೀಗಾಗಿ ಚಳಿಗಾಲದಲ್ಲಿ ಶಸ್ತ್ರಚಿಕಿತ್ಸೆಗೆಂದು ಹೊಟ್ಟೆ ಬೋಳಿಸಿಕೊಂಡ ಸಿಯಾಮೀಸ್ ಬೆಕ್ಕಿಗೆ ಅಲ್ಲೊಂದು ಕಪ್ಪು ಪಟ್ಟಿ ಮೂಡಿದರೆ ಗಾಬರಿಯಾಗಬೇಕಿಲ್ಲ. ಮೈಯ ಯಾವ ಭಾಗ ಎಷ್ಟು ತಣ್ಣಗಿದೆ ಎಂದು ಆ ಬೆಕ್ಕು ತನ್ನ ಬಣ್ಣದಲ್ಲೇ ಬರೆದುಕೊಂಡಿರುತ್ತದೆ.

ಅತಿಯಾದ ಚಳಿಯಲ್ಲಿ ಮೊದಲು ಬಲಿಯಾಗುವುದೂ ಇವೇ ತುದಿಗಳು. ಕಿವಿಯ ಅಂಚು, ಬಾಲದ ತುದಿ, ಬೆರಳು. ಉತ್ತರದ ಊರುಗಳ ಬೀದಿಬೆಕ್ಕುಗಳಲ್ಲಿ ಅಂಚು ಸವೆದು ಮೊಂಡಾದ ಕಿವಿ ಕಂಡರೆ ಅದು ಹೆಪ್ಪುಗಟ್ಟಿ ಉದುರಿದ್ದಿರಬಹುದು. ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಸಂತಾನಹರಣ ಮಾಡಿಸಿದ ಗುರುತು. ನಮ್ಮ ಊರುಗಳ ಬೀದಿನಾಯಿಗಳ ಕಿವಿಯಲ್ಲಿ ಕಾಣುವ ಕಚ್ಚಿನ ಅರ್ಥವೂ ಅದೇ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಣ ಚಳಿಯ ಮಾತು. ನೀರು ಬಂದ ಕೂಡಲೇ ಲೆಕ್ಕ ತಿರುವುಮುರುವಾಗುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು ಇಪ್ಪತ್ತೈದು ಪಟ್ಟು ಚುರುಕಾಗಿ ಶಾಖ ಸಾಗಿಸುತ್ತದೆ. ತುಪ್ಪಳ ನೆನೆದರೆ ಗಾಳಿ ಇದ್ದ ಗೂಡುಗಳಲ್ಲೆಲ್ಲ ನೀರು ಕೂರುತ್ತದೆ, ಕೂದಲು ಮೈಗಂಟುತ್ತದೆ. ಮೇಲಾಗಿ ಆ ನೀರು ಆವಿಯಾಗಲು ಬೇಕಾದ ಶಾಖವೂ ಮೈಯಿಂದಲೇ ಹೋಗಬೇಕು. ಅದಕ್ಕೇ ನನ್ನ ಲೆಕ್ಕದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಒಣ ಬಿಸಿಲಿನ ದಿನಕ್ಕಿಂತ, ಸೊನ್ನೆಯ ಆಸುಪಾಸಿನಲ್ಲಿ ಮಳೆಯೂ ಹಿಮವೂ ಬೆರೆತು ಸುರಿಯುವ ಮಾರ್ಚಿನ ದಿನ ಬೀದಿಯ ಪ್ರಾಣಿಗೆ ಹೆಚ್ಚು ಕ್ರೂರ. ಥರ್ಮಾಮೀಟರ್ ಮಾತ್ರ ನೋಡುವವರಿಗೆ ಇದು ಹೊಳೆಯುವುದಿಲ್ಲ. ಹವಾಮಾನ ವರದಿಯಲ್ಲಿ ಬರುವ ಗಾಳಿಚಳಿಯ ಸೂಚ್ಯಂಕವೂ ಇಲ್ಲಿ ಹೆಚ್ಚು ನೆರವಾಗದು. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್ ಅಂಟಾರ್ಕ್ಟಿಕಾದಲ್ಲಿ ನೀರು ಹೆಪ್ಪುಗಟ್ಟುವ ವೇಗ ಅಳೆದು ಕಟ್ಟಿದ ಆ ಲೆಕ್ಕವನ್ನು 2001ರಲ್ಲಿ ತಿದ್ದಿದ್ದು ಮನುಷ್ಯನ ಬೋಳು ಮುಖವನ್ನು ಆಧಾರವಾಗಿಟ್ಟುಕೊಂಡು. ಗಾಳಿ ತುಪ್ಪಳವನ್ನು ಕೆದರಿ ಚಳಿ ಹೆಚ್ಚಿಸುವುದು ನಿಜ, ಆದರೆ ಆ ಅಂಕಿ ನಾಯಿಯದಲ್ಲ.

ಹಿತ್ತಲಲ್ಲಿ ಕೋಳಿ ಸಾಕುವವರು ಈ ಒದ್ದೆಯ ಪಾಠವನ್ನು ಬೇಗ ಕಲಿಯುತ್ತಾರೆ. ಮಿನಿಯಾಪೊಲಿಸ್‌ನಲ್ಲಿ ಪರವಾನಗಿ ಪಡೆದು ಮನೆಯ ಹಿಂದೆ ಕೋಳಿ ಸಾಕಬಹುದು. ಹೊಸಬರು ಕನಿಕರದಿಂದ ಗೂಡಿನ ಸಂದುಗೊಂದುಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಕೋಳಿಗಳ ಉಸಿರು ಮತ್ತು ಹಿಕ್ಕೆಯ ತೇವ ಹೊರಹೋಗಲಾರದೆ ಒಳಗೇ ನಿಂತು ಜುಟ್ಟಿನ ಮೇಲೆ ಕೂರುತ್ತದೆ, ಬೆಳಗಾಗುವಷ್ಟರಲ್ಲಿ ಜುಟ್ಟಿನ ತುದಿ ಕಪ್ಪಾಗಿರುತ್ತದೆ. ಅನುಭವಿಗಳು ಕೋಳಿ ಕೂರುವ ಮಟ್ಟದಲ್ಲಿ ಗಾಳಿ ಬೀಸದಂತೆ ತಡೆದು, ಮಾಡಿನ ಹತ್ತಿರ ಕಿಂಡಿ ತೆರೆದಿಡುತ್ತಾರೆ. ಕೋಳಿ ಕೂರುವ ಕೋಲು ಅಗಲವಿದ್ದರೆ ಅದು ಪಾದದ ಮೇಲೆಯೇ ಕೂತು ಹೊಟ್ಟೆಯ ಗರಿಗಳಿಂದ ಬೆರಳು ಮುಚ್ಚಿಕೊಳ್ಳುತ್ತದೆ.

ಬೀದಿಬೆಕ್ಕುಗಳಿಗೆ ಪೆಟ್ಟಿಗೆ ಇಡುವವರ ಕಥೆಯೂ ಇದೇ. ಮೊದಲು ಕೈ ಹೋಗುವುದು ಹಳೆಯ ಕಂಬಳಿಗೆ. ಕಂಬಳಿ ಬೆಕ್ಕಿನ ಕಾಲಿಗಂಟಿ ಬಂದ ಹಿಮವನ್ನೂ ಉಸಿರಿನ ತೇವವನ್ನೂ ಹೀರಿ ರಾತ್ರಿ ಹಲಗೆಯಂತೆ ಗಟ್ಟಿಯಾಗುತ್ತದೆ. ಬೇಕಾದದ್ದು ಗೋಧಿಯದೋ ಓಟ್ಸಿನದೋ ಒಣಹುಲ್ಲು. ಆ ಕಡ್ಡಿಗಳು ಟೊಳ್ಳು, ನೀರು ಹೀರುವುದು ಕಡಿಮೆ, ನಡುವೆ ಗಾಳಿ ನಿಲ್ಲುತ್ತದೆ, ಬೆಕ್ಕು ಅದರೊಳಗೆ ಹೂತುಕೊಳ್ಳಬಹುದು. ದನಕ್ಕೆ ಹಾಕುವ ಒಣಮೇವಾದರೆ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆ ಚಿಕ್ಕದಿರಬೇಕು ಎನ್ನುವುದನ್ನೂ ಉದಾರಿಗಳು ಒಪ್ಪುವುದಿಲ್ಲ. ಬೆಕ್ಕಿನ ಬಳಿ ಇರುವ ಹೀಟರು ಅದರ ಮೈ ಒಂದೇ. ಬಂಗಲೆ ಕಟ್ಟಿಕೊಟ್ಟರೆ ಅದನ್ನು ಬಿಸಿಮಾಡುವವರು ಯಾರು?

ನಾಯಿಯ ಕಾಲಲ್ಲಿ ನೀರಿನ ಕಾಟ ಬೇರೆ ರೂಪದಲ್ಲಿ ಬರುತ್ತದೆ. ಬೆರಳ ನಡುವಿನ ಕೂದಲಿಗೆ ಹಸಿಹಿಮ ಅಂಟಿ, ಮೈಬಿಸಿಗೆ ಚೂರು ಕರಗಿ, ಮತ್ತೆ ಹೆಪ್ಪುಗಟ್ಟಿ ಗೋಲಿಯಷ್ಟು ಗಡ್ಡೆಗಳಾಗುತ್ತವೆ. ನಾಯಿ ಕುಂಟುತ್ತ ನಿಂತು ಹಲ್ಲಿನಿಂದ ಅವನ್ನು ಕೀಳುತ್ತದೆ. ಅಲಾಸ್ಕಾದಲ್ಲಿ 1973ರಿಂದ ನಡೆದುಬಂದಿರುವ, ಸುಮಾರು 1,600 ಕಿಲೋಮೀಟರಿನ ಇಡಿಟರಾಡ್ ಜಾರುಬಂಡಿ ಓಟದಲ್ಲಿ ಚಳಿಗೆಂದೇ ಹುಟ್ಟಿದ ನಾಯಿಗಳಿಗೂ ತಲಾ ಎಂಟು ಕಾಲುಚೀಲ ಇರಲೇಬೇಕೆಂಬ ನಿಯಮವಿದೆ. ಅಲ್ಲಿ ಚೀಲ ಬೇಕಾಗಿರುವುದು ಚಳಿ ತಡೆಯಲಿಕ್ಕಿಂತ ಹೆಚ್ಚಾಗಿ ಈ ಗಡ್ಡೆ ಮತ್ತು ತರಚುಗಾಯ ತಡೆಯಲು. ಚಳಿಯ ಖರ್ಚನ್ನು ಆ ನಾಯಿಗಳು ಊಟದಲ್ಲೇ ತೂಗಿಸುತ್ತವೆ, ದಿನಕ್ಕೆ 10,000 ಕಿಲೋಕ್ಯಾಲೊರಿಯ ಮಟ್ಟದಲ್ಲಿ.

ನಗರದ ನಾಯಿಯ ಅಂಗಾಲಿಗೆ ಹಿಮಕ್ಕಿಂತ ದೊಡ್ಡ ಶತ್ರು ನಾವು ಚೆಲ್ಲುವ ಉಪ್ಪು. ಅಮೆರಿಕ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪನ್ನು ರಸ್ತೆಗಳಿಗೆ ಸುರಿಯುತ್ತದೆ. ಅಡುಗೆಯ ಉಪ್ಪು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಹೆಚ್ಚು ಕೆಲಸ ಮಾಡುವುದಿಲ್ಲವಾದ್ದರಿಂದ ಮನೆಮುಂದಿನ ಕಾಲುದಾರಿಗೆ ಜನ ಕ್ಯಾಲ್ಸಿಯಂ ಕ್ಲೋರೈಡ್ ಎರಚುತ್ತಾರೆ. ನೀರಿಗೆ ಬೆರೆತಾಗ ಅದು ಶಾಖ ಬಿಡುತ್ತದೆ, ಬಿರುಕುಬಿಟ್ಟ ಅಂಗಾಲಿಗೆ ಉರಿ ಹತ್ತಿಸುತ್ತದೆ. ಮನೆಗೆ ಬಂದ ನಾಯಿ ಕಾಲು ನೆಕ್ಕುತ್ತದೆ, ಉಪ್ಪು ಹೊಟ್ಟೆಗೂ ಹೋಗಿ ವಾಂತಿ ಶುರುವಾಗುತ್ತದೆ. ಹೊಸ್ತಿಲಲ್ಲಿ ಒಂದು ಬೋಗುಣಿ ಬೆಚ್ಚಗಿನ ನೀರು, ಒಂದು ಒಣಬಟ್ಟೆ ಇಟ್ಟುಕೊಂಡರೆ ಮುಗಿಯಿತು. ಕಾಲು ತೊಳೆದು ಒಳಬರುವ ಪದ್ಧತಿ ಗೊತ್ತಿರುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ.

ಉಪ್ಪಿಗಿಂತ ಭಯಂಕರವಾದದ್ದು ಗ್ಯಾರೇಜಿನ ನೆಲದ ಮೇಲಿನ ಹಸಿರು ಕಲೆ. ಕಾರಿನ ರೇಡಿಯೇಟರ್ ಹೆಪ್ಪುಗಟ್ಟದಿರಲೆಂದು ಹಾಕುವ ಕೂಲಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ನಾಲ್ಕು ಕಿಲೋ ತೂಕದ ಬೆಕ್ಕನ್ನು ಕೊಲ್ಲಲು ಅದರ ಹೆಚ್ಚುಕಡಿಮೆ ಒಂದು ಟೀ ಚಮಚ ಸಾಕು. ಅದರ ಸಿಹಿಗೆ ಮರುಳಾಗಿ ಬೆಕ್ಕುಗಳು ಕುಡಿಯುತ್ತವೆ ಎಂದು ಎಲ್ಲೆಡೆ ಬರೆದಿರುತ್ತಾರೆ. ನಾಯಿಯ ಮಟ್ಟಿಗೆ ಇರಬಹುದು, ಬೆಕ್ಕಿನ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ. ಸಿಹಿಯನ್ನು ಗುರುತಿಸುವ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 2005ರಲ್ಲೇ ತೋರಿಸಿದರು, ಬೆಕ್ಕಿನ ನಾಲಿಗೆಗೆ ಸಕ್ಕರೆ ಹತ್ತುವುದೇ ಇಲ್ಲ. ಕಲೆಯ ಮೇಲೆ ನಡೆದು ಆಮೇಲೆ ಪಾದ ನೆಕ್ಕಿ ಶುಚಿಮಾಡಿಕೊಂಡರೂ ವಿಷ ಒಳಗೆ ಹೋದಂತೆಯೇ. ಮೊದಲಿಗೆ ಪ್ರಾಣಿ ಕುಡಿದವರಂತೆ ತೂರಾಡುತ್ತದೆ. ನಂತರ ಚೇತರಿಸಿಕೊಂಡಂತೆ ಕಾಣುತ್ತದೆ, ಮನೆಯವರು ನಿರಾಳವಾಗುತ್ತಾರೆ. ಅಷ್ಟರಲ್ಲಿ ಪಿತ್ತಜನಕಾಂಗ ಆ ವಸ್ತುವನ್ನು ಹಂತಹಂತವಾಗಿ ಆಕ್ಸಾಲಿಕ್ ಆಮ್ಲವಾಗಿಸಿರುತ್ತದೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ವೈದ್ಯರ ಬಳಿ ಇರುವ ಒಂದು ಹಳೆಯ ಮದ್ದು ಸಾಕ್ಷಾತ್ ಮದ್ಯಸಾರ. ಗ್ಲೈಕಾಲನ್ನು ಒಡೆಯುವ ಕಿಣ್ವವೇ ಮದ್ಯಸಾರವನ್ನೂ ಒಡೆಯುವುದು, ಮದ್ಯಸಾರದ ಮೇಲೆ ಅದಕ್ಕೆ ಒಲವು ಹೆಚ್ಚು. ಕಿಣ್ವ ಅದರಲ್ಲಿ ಮುಳುಗಿರುವಾಗ ಗ್ಲೈಕಾಲ್ ಮೂತ್ರದಲ್ಲಿ ಹಾಗೇ ಹೊರಹೋಗುತ್ತದೆ. ಈಗ ಫೊಮೆಪಿಜೋಲ್ ಎಂಬ ಉತ್ತಮ ಔಷಧವಿದೆ. ಆದರೆ ಬೆಕ್ಕಿಗೆ ಅದನ್ನು ವಿಷ ನುಂಗಿದ ಮೂರು ತಾಸಿನೊಳಗೆ ಕೊಡಬೇಕು. 2012ರಲ್ಲಿ ಅಮೆರಿಕದ ತಯಾರಕರು ಕೂಲಂಟಿಗೆ ಕಡುಕಹಿ ವಸ್ತು ಬೆರೆಸಲು ಒಪ್ಪಿದರು. ಪಾದ ನೆಕ್ಕಿಕೊಳ್ಳುವ ಬೆಕ್ಕಿಗೆ ಕಹಿಯಿಂದ ಎಷ್ಟು ಪ್ರಯೋಜನ ಎಂಬ ಸಂಶಯ ನನಗಿದೆ. ಚೆಲ್ಲಿದ್ದನ್ನು ಕೂಡಲೇ ಒರೆಸುವುದು ಹೆಚ್ಚು ನಂಬಬಹುದಾದ ಉಪಾಯ.

ಕಾರಿನ ಬಿಸಿ ಎಂಜಿನ್ನಿನ ಮೇಲೆ ಬೆಕ್ಕು ಮಲಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಬೆಳಗ್ಗೆ ಚಾಲೂ ಮಾಡುವ ಮೊದಲು ಬಾನೆಟ್ ತಟ್ಟಿದರೆ ಜೀವ ಉಳಿಯುತ್ತದೆ. ಯಾರಿಗೂ ಹೊಳೆಯದ ಕೊರತೆ ಇನ್ನೊಂದಿದೆ: ಬಾಯಾರಿಕೆ. ಸುತ್ತಲೂ ಹಿಮವಿರುವಾಗ ನೀರಿಗೇನು ಬರ ಎನ್ನಿಸುತ್ತದೆ. ಬೆಕ್ಕಿಗೆ ದಿನಕ್ಕೆ ಸುಮಾರು 200 ಗ್ರಾಂ ನೀರು ಬೇಕೆಂದುಕೊಳ್ಳಿ. ಅಷ್ಟನ್ನೂ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಹಿಮದಿಂದ ಪಡೆಯಬೇಕಾದರೆ ಅದನ್ನು ಸೊನ್ನೆಗೆ ತರಲು ಗ್ರಾಮಿಗೆ 5 ಕ್ಯಾಲೊರಿ, ಕರಗಿಸಲು 80, ಮೈಬಿಸಿಗೆ ಏರಿಸಲು 38 ಬೇಕು. ಒಟ್ಟು ಸುಮಾರು 25 ಕಿಲೋಕ್ಯಾಲೊರಿ. ನಾಲ್ಕೈದು ಕಿಲೋ ತೂಗುವ ಬೆಕ್ಕಿನ ದಿನದ ಊಟದಲ್ಲಿ ಇದು ಹತ್ತನೇ ಒಂದು ಭಾಗ, ಅದೂ ಒಂದೊಂದು ತುತ್ತೂ ಮೈ ಬಿಸಿಗೆ ಬೇಕಾಗಿರುವ ಕಾಲದಲ್ಲಿ. ಪಾಪವೆಂದು ಒಣ ಕಾಳುತಿಂಡಿ ಇಟ್ಟುಹೋಗುವವರಿಂದ ಬಾಯಾರಿಕೆ ಇನ್ನಷ್ಟು ಹೆಚ್ಚುತ್ತದೆ. ಅಗಲ ತಟ್ಟೆಯ ನೀರು ನೋಡನೋಡುತ್ತಲೇ ಗಟ್ಟಿಯಾಗುವುದರಿಂದ ಬಾಯಿ ಕಿರಿದಾದ, ಆಳವಾದ, ದಪ್ಪ ಪ್ಲಾಸ್ಟಿಕ್ ಪಾತ್ರೆ ಒಳ್ಳೆಯದು. ಅದನ್ನು ಬಿಸಿಲು ಬೀಳುವ ಕಡೆ ಇಡಬೇಕು, ಹುಲ್ಲಿನ ಪೆಟ್ಟಿಗೆಯೊಳಗೆ ಮಾತ್ರ ಎಂದೂ ಇಡಬಾರದು. ಚೆಲ್ಲಿದರೆ ಹುಲ್ಲು ನೆನೆಯುತ್ತದೆ.